ಒಂದೇ ಪಾರ್ಟಿಷನ್‌ಗೆ ಎರಡು ಬಾಗಿಲು

ತುಮಕೂರಿನ ಚಿಕ್ಕಪೇಟೆಯಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಜಾತ್ರೆಯ ಕರಪತ್ರ, ಇವೇ ನನ್ನ ಅನ್ನ. ಹದಿನೈದು ವರ್ಷಗಳ ಕೆಲಸವೆಲ್ಲ ಪೇಜ್‌ಮೇಕರ್ 7 ಎಂಬ ಪುಟವಿನ್ಯಾಸದ ತಂತ್ರಾಂಶದಲ್ಲಿ, ನುಡಿ ಫಾಂಟುಗಳಲ್ಲಿದೆ. ಪೇಜ್‌ಮೇಕರ್‌ಗೆ ಯೂನಿಕೋಡ್, ಅಂದರೆ ಇಂದಿನ ಕಂಪ್ಯೂಟರುಗಳು ಬಳಸುವ ಅಕ್ಷರಸಂಕೇತ, ತಿಳಿಯದು. ಹಾಗಾಗಿ ಹಳೆಯ ಫಾಂಟುಗಳನ್ನು ಬಿಡುವಂತಿಲ್ಲ, ಅವುಗಳಿಗಾಗಿ ವಿಂಡೋಸನ್ನೂ ಬಿಡುವಂತಿಲ್ಲ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ನನ್ನ ಕಂಪ್ಯೂಟರಿಗೆ 11 ಹಾಕಲು ಬರುವುದಿಲ್ಲ. ಬ್ಯಾಂಕು, ಇಮೇಲ್, ವಾಟ್ಸ್ಆ್ಯಪ್‌ಗಳಿಗೆಂದು ಅದೇ ಡಿಸ್ಕಿನ ಇನ್ನೊಂದು ಪಾರ್ಟಿಷನ್‌ನಲ್ಲಿ, ಅಂದರೆ ಬೇರೆಯಾಗಿ ವಿಂಗಡಿಸಿದ ಭಾಗದಲ್ಲಿ, ವಿಂಡೋಸ್‌ನಂತಹದೇ ಇನ್ನೊಂದು ವ್ಯವಸ್ಥೆಯಾದ ಲಿನಕ್ಸ್ ಮಿಂಟ್ ಹಾಕಿಕೊಂಡೆ. ಆದರೆ ಗುಬ್ಬಿಯಿಂದ ಬಂದ ಗಿರಾಕಿ ಎದುರಿಗೆ ಕುಳಿತು, "ಅಣ್ಣಾ, ಮುಹೂರ್ತದ ಸಾಲು ಮಾತ್ರ ತಿದ್ದಿಕೊಡಿ" ಎಂದಾಗ, ಒಂದು ಸಾಲಿಗಾಗಿ ಇಡೀ ಯಂತ್ರವನ್ನು ಮುಚ್ಚಿ ವಿಂಡೋಸ್‌ನಲ್ಲಿ ಮತ್ತೆ ಬೂಟ್ ಮಾಡಬೇಕಿತ್ತು.

ವಿಂಡೋಸನ್ನು ಹೊಸದಾಗಿ ಹಾಕದೆ, ನಕಲೂ ಮಾಡದೆ, ಇದ್ದ ಪಾರ್ಟಿಷನ್‌ನಿಂದಲೇ ಲಿನಕ್ಸ್‌ನೊಳಗೆ ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರನ್ನು ಸೃಷ್ಟಿಸುವ ವರ್ಚುವಲ್‌ಬಾಕ್ಸ್ ಮೂಲಕ ಓಡಿಸಬಹುದು ಎಂದು ತಿಳಿದಾಗ ನನಗಾದ ಸಂತೋಷ ಸಣ್ಣದಲ್ಲ. ಇಲ್ಲಿ ವರ್ಚುವಲ್ ಡಿಸ್ಕ್ ಎಂದರೆ ಕೆಲವೇ ಸಾಲುಗಳ ಒಂದು ವಿಎಂಡಿಕೆ ಕಡತ. ನಿಜವಾದ ಮಾಹಿತಿ ಅದರಲ್ಲಿರುವುದಿಲ್ಲ. ಯಾವ ಡಿಸ್ಕಿನ ಯಾವ ಪಾರ್ಟಿಷನ್‌ಗಳನ್ನು ಒಳಗಿನ ಯಂತ್ರಕ್ಕೆ ತೋರಿಸಬೇಕು ಎಂಬ ವಿವರ ಮಾತ್ರ ಇರುತ್ತದೆ. ನಾನು ಮೊದಲ ಎರಡನ್ನಷ್ಟೇ ತೋರಿಸಿದೆ: ವಿಂಡೋಸ್‌ನ ಸಣ್ಣ ಬೂಟ್ ಪಾರ್ಟಿಷನ್ ಮತ್ತು ಸಿ ಡ್ರೈವ್.

ಮೊದಲ ಸಲ ತೆರೆದಾಗ ಗ್ರಬ್ ರೆಸ್ಕ್ಯೂ ಎಂಬ ಕಪ್ಪು ಪರದೆ. ನನ್ನದು ಹಳೆಯ ಬಯಾಸ್ ರೀತಿಯಲ್ಲಿ ಬೂಟ್ ಆಗುವ ಯಂತ್ರ. ಯಾವ ವ್ಯವಸ್ಥೆ ತೆರೆಯಬೇಕೆಂದು ಕೇಳುವ ಗ್ರಬ್ ಡಿಸ್ಕಿನ ಮೊದಲ ಸೆಕ್ಟರಿನಲ್ಲಿ ಕುಳಿತಿರುತ್ತದೆ, ಅದಕ್ಕೆ ಬೇಕಾದ ಕಡತಗಳೋ ನಾನು ಮುಚ್ಚಿಟ್ಟ ಲಿನಕ್ಸ್ ಪಾರ್ಟಿಷನ್‌ನಲ್ಲಿವೆ. ಗ್ರಬ್ ಇಲ್ಲದ ಸಾಮಾನ್ಯ ಬೂಟ್ ಸೆಕ್ಟರನ್ನು ಒಂದು ಕಡತವಾಗಿ ಮಾಡಿ ವಿಎಂಡಿಕೆಗೆ ಕೊಟ್ಟ ಮೇಲೆ ವಿಂಡೋಸ್ ಎದ್ದಿತು. ನಿಜವಾದ ಡಿಸ್ಕಿನಲ್ಲಿ ಗ್ರಬ್ ಇದ್ದಂತೆಯೇ ಇದೆ. ಬಯಾಸ್‌ನಲ್ಲಿ ಡಿಸ್ಕ್ ಎಎಚ್‌ಸಿಐ ಎಂಬ ಜೋಡಣೆಯ ರೀತಿಯಲ್ಲಿದ್ದುದರಿಂದ ಒಳಗಿನ ಯಂತ್ರಕ್ಕೂ ಸಾಟಾ ಎಎಚ್‌ಸಿಐ ಕಂಟ್ರೋಲರನ್ನೇ ಆರಿಸಿದ್ದೆ. ಇದು ಹೊಂದದಿದ್ದರೆ ವಿಂಡೋಸ್ ನೀಲಿ ಪರದೆ ತೋರಿಸಿ ನಿಲ್ಲುವ ಸಾಧ್ಯತೆ ಹೆಚ್ಚು.

ಇನ್ನು ನನ್ನಿಂದಾದ ತಪ್ಪು. ಒಳಗೆ ವಿಂಡೋಸ್ ಓಡುತ್ತಿರುವಾಗಲೇ ಲಿನಕ್ಸ್‌ನ ಫೈಲ್ ಮ್ಯಾನೇಜರಿನಲ್ಲಿ ಅದೇ ಸಿ ಡ್ರೈವನ್ನು ತೆರೆದು ವರನ ಫೋಟೋವನ್ನು ಅಲ್ಲಿಗೆ ಹಾಕಿದೆ. ಎರಡು ವ್ಯವಸ್ಥೆಗಳೂ ಆ ಡ್ರೈವಿನ ಲೆಕ್ಕವನ್ನು ತಮ್ಮ ತಮ್ಮ ಮೆಮೊರಿಯಲ್ಲಿ ಇಟ್ಟುಕೊಂಡಿರುತ್ತವೆ. ಒಂದು ಬರೆದದ್ದು ಇನ್ನೊಂದಕ್ಕೆ ಗೊತ್ತಾಗುವುದಿಲ್ಲ, ಅದರ ಮೇಲೆಯೇ ಬರೆದುಬಿಡುತ್ತದೆ. ಮರುದಿನ ಡಿಸ್ಕಿನ ದೋಷ ಹುಡುಕಿ ಸರಿಪಡಿಸುವ ಚೆಕ್‌ಡಿಸ್ಕ್ ತಾನಾಗಿಯೇ ಓಡಿತು. ಫೌಂಡ್.000 ಎಂಬ ಫೋಲ್ಡರಿನಲ್ಲಿ ಹೆಸರಿಲ್ಲದ ತುಣುಕುಗಳು ಉಳಿದವು, ಎರಡು ಲಗ್ನಪತ್ರಿಕೆಗಳು ಹೋದವು. ಒಂದರ ಪ್ರೂಫ್ ಕಾಗದ ಕೈಯಲ್ಲಿತ್ತು. ಇನ್ನೊಂದಕ್ಕೆ ಹುಡುಗಿಯ ಸೋದರಮಾವನಿಗೆ ಫೋನ್ ಮಾಡಿ, ಸುಖಾಗಮನ ಬಯಸುವವರ ಹೆಸರುಗಳನ್ನೆಲ್ಲ ಮತ್ತೆ ಬರೆದುಕೊಂಡೆ. ಅವರು ಬೇಸರಿಸದೆ ಹೇಳಿದರು. ಆ ಋಣ ನನ್ನ ಮೇಲಿದೆ.

ಆಮೇಲೆ ಆ ಪಾರ್ಟಿಷನ್‌ಗಳು ಲಿನಕ್ಸ್‌ನ ಫೈಲ್ ಮ್ಯಾನೇಜರಿನಲ್ಲಿ ಕಾಣಿಸದಂತೆಯೇ ಮಾಡಿದೆ. ಫೋಟೋಗಳು ಲಿನಕ್ಸ್ ಕಡೆಯ ಒಂದು ಹಂಚಿಕೆಯ ಫೋಲ್ಡರಿನಲ್ಲಿರುತ್ತವೆ, ವಿಂಡೋಸ್ ಅಲ್ಲಿಂದ ತೆಗೆದುಕೊಳ್ಳುತ್ತದೆ. ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಮತ್ತು ಹೈಬರ್ನೇಷನ್ ಎರಡನ್ನೂ ತೆಗೆದೆ. ಅವು ಇದ್ದರೆ ಶಟ್‌ಡೌನ್ ಮಾಡಿದರೂ ವಿಂಡೋಸ್ ಪೂರ್ತಿ ಮುಚ್ಚಿರುವುದಿಲ್ಲ. ಅರ್ಧ ನಿದ್ದೆಯಲ್ಲಿರುವ ಅದನ್ನು ಬೇರೊಂದು ಯಂತ್ರದೊಳಗೆ ಎಬ್ಬಿಸಿದಂತಾಗುತ್ತದೆ. ವರ್ಚುವಲ್‌ಬಾಕ್ಸ್‌ನ ಸ್ನ್ಯಾಪ್‌ಶಾಟ್, ಅಂದರೆ ಬೇಕಾದಾಗ ಹಿಂದಿರುಗಲು ಉಳಿಸಿಡುವ ಸ್ಥಿತಿ, ಅದನ್ನೂ ತೆಗೆಯುವುದಿಲ್ಲ. ತೆಗೆದರೆ ಹೊಸ ಬರಹ ಬೇರೆ ಕಡತಕ್ಕೆ ಹೋಗುತ್ತದೆ. ಆಮೇಲೆ ಒಮ್ಮೆ ನೇರವಾಗಿ ವಿಂಡೋಸ್ ಬೂಟ್ ಮಾಡಿದರೂ ಸಾಕು, ಆ ಕಡತಕ್ಕೂ ಡಿಸ್ಕಿಗೂ ತಾಳೆ ತಪ್ಪುತ್ತದೆ. ಡಿಸ್ಕನ್ನು ನೇರವಾಗಿ ಓದಿ ಬರೆಯುವ ಅನುಮತಿಯ ವಿಷಯದಲ್ಲಿ, ಲಿನಕ್ಸ್‌ನ ಡಿಸ್ಕ್ ಎಂಬ ಬಳಕೆದಾರರ ಗುಂಪಿಗೆ ಸೇರಿಕೊಳ್ಳುವುದು ಸುಲಭದ ದಾರಿ. ಆದರೆ ಅದು ಎಲ್ಲ ಡಿಸ್ಕುಗಳ ಬೀಗದ ಕೈಯನ್ನೂ ಕೊಟ್ಟಂತೆ. ನಾನು ಆ ಎರಡು ಪಾರ್ಟಿಷನ್‌ಗಳಿಗಷ್ಟೇ ಅನುಮತಿ ಕೊಡುವ ಯುಡೆವ್ ಎಂಬ ಲಿನಕ್ಸ್ ನಿಯಮ ಬರೆದುಕೊಂಡಿದ್ದೇನೆ.

8 ಜಿಬಿ ರ್‍ಯಾಮ್‌ನಲ್ಲಿ 4 ಜಿಬಿಯನ್ನು ವಿಂಡೋಸ್‌ಗೆ ಕೊಟ್ಟಿದ್ದೇನೆ. ಪೇಜ್‌ಮೇಕರ್‌ಗೆ ಅದು ಧಾರಾಳ. ಒಳಗಿನ ವಿಂಡೋಸ್‌ಗೆ ನೆಟ್ ಕೊಟ್ಟಿಲ್ಲ. ನಿನ್ನೆ ಕ್ಯಾತ್ಸಂದ್ರದವರೊಬ್ಬರು ವಾಟ್ಸ್ಆ್ಯಪ್‌ನಲ್ಲಿ ತಿದ್ದುಪಡಿ ಕಳುಹಿಸಿದರು. ಅದನ್ನು ಎಡಕ್ಕೆ ತೆರೆದಿಟ್ಟು, ಬಲಗಡೆಯ ಪೇಜ್‌ಮೇಕರ್‌ನಲ್ಲಿ ತಿದ್ದಿ, ಅವರು ಫೋನ್ ಇಡುವ ಮೊದಲೇ ಪ್ರೂಫ್ ಕಳುಹಿಸಿದೆ.