ಮಳೂರಿನಲ್ಲಿ ತೂಗಿದ ತೊಟ್ಟಿಲು

30ನೇ ವಾರದ ತಪಾಸಣೆಯ ದಿನ ಡಾಕ್ಟರ್ ನನ್ನ ಹೊಟ್ಟೆಯ ಮೇಲೆ ಟೇಪ್ ಇಟ್ಟು ಅಳೆದರು. ದರ್ಜಿಯ ಕೊರಳಲ್ಲಿ ನೇತಾಡುತ್ತದಲ್ಲ, ಅಂಥದ್ದೇ ಟೇಪ್. ಇಪ್ಪತ್ತು ವಾರ ದಾಟಿದ ಮೇಲೆ ಎಷ್ಟು ವಾರವೋ ಹೆಚ್ಚುಕಡಿಮೆ ಅಷ್ಟೇ ಸೆಂಟಿಮೀಟರ್ ಬರಬೇಕಂತೆ. ನನ್ನದು 27 ಬಂತು. ಟೇಪ್ ಸರಿಮಾಡಿಕೊಂಡು ಇನ್ನೊಮ್ಮೆ ಅಳೆದರು. ಮತ್ತೆ 27.

"ಮೂರು ಕಡಿಮೆ ಇದೆ. ಸ್ಕ್ಯಾನ್ ಮಾಡಿ ನೋಡಿಬಿಡೋಣ" ಎಂದರು.

ಸ್ಕ್ಯಾನ್‌ನಲ್ಲಿ ತಲೆಯ ಸುತ್ತಳತೆ, ಹೊಟ್ಟೆಯ ಸುತ್ತಳತೆ, ತೊಡೆಯ ಮೂಳೆಯ ಉದ್ದ ಎಲ್ಲ ನೋಡಿದರು. ಅವುಗಳಿಂದ ಲೆಕ್ಕ ಹಾಕಿ ಮಗುವಿನ ತೂಕ ಹೇಳುತ್ತಾರೆ. 1,280 ಗ್ರಾಂ ಅಂತ ಬಂತು. ಅದು ಅಂದಾಜು, ಸ್ವಲ್ಪ ಹೆಚ್ಚುಕಡಿಮೆ ಇರಬಹುದು ಅಂತಲೂ ಹೇಳಿದರು. "ಮಗು ಸ್ವಲ್ಪ ಚಿಕ್ಕದು. ಆದರೆ ರಕ್ತ ಹರಿಯೋದು ಚೆನ್ನಾಗಿದೆ, ನೀರೂ ಸರಿ ಇದೆ. ಎರಡು ವಾರ ಬಿಟ್ಟು ಮತ್ತೆ ಅಳೆಯೋಣ. ದಿನಾ ಎಡಮಗ್ಗುಲಿಗೆ ಮಲಗಿ ಒದೆತ ಎಣಿಸಿ. ಕಡಿಮೆ ಅನಿಸಿದರೆ ತಕ್ಷಣ ಬನ್ನಿ."

ಅವರು ಸಮಾಧಾನದಿಂದಲೇ ಹೇಳಿದರು. ಆದರೂ ಮನೆಗೆ ಬರುವವರೆಗೆ ನನ್ನ ಕಿವಿಯಲ್ಲಿ ಉಳಿದಿದ್ದು 'ಚಿಕ್ಕದು' ಅನ್ನುವ ಒಂದೇ ಮಾತು.

ರಾತ್ರಿ ಅಮ್ಮನಿಗೆ ಫೋನ್ ಮಾಡಿದೆ. ಆ ಕಡೆ ಸ್ವಲ್ಪ ಹೊತ್ತು ಸದ್ದೇ ಇಲ್ಲ. ಆಮೇಲೆ, "ಮಳೂರಿನ ಹರಕೆ ಬಾಕಿ ಇದೆ ಕಣೇ" ಅಂದಳು.

ನನ್ನ ಬಸುರಿಗೆ ಹೊತ್ತ ಹರಕೆ ಇರಬೇಕು ಅಂದುಕೊಂಡೆ. ಅಲ್ಲ. ನಾನು ಹುಟ್ಟುವುದಕ್ಕೂ ಮೊದಲಿನದು. ಮದುವೆಯಾಗಿ ಐದು ವರ್ಷ ಅಮ್ಮನಿಗೆ ಮಕ್ಕಳಾಗಿರಲಿಲ್ಲ. ಯಾರೋ ಹೇಳಿದರು ಅಂತ ಬಸ್ಸು ಹತ್ತಿ ಚನ್ನಪಟ್ಟಣದ ಪಕ್ಕದ ದೊಡ್ಡ ಮಳೂರಿಗೆ ಹೋಗಿ, ಅಂಬೆಗಾಲು ಕೃಷ್ಣನ ಮುಂದೆ ನಿಂತು, "ಒಂದು ಮಗು ಕೊಡು, ತೊಟ್ಟಿಲು ತಂದು ಒಪ್ಪಿಸ್ತೀನಿ" ಎಂದು ಬೇಡಿಕೊಂಡಿದ್ದಳಂತೆ. ನಾನು ಹುಟ್ಟಿದೆ. ಆಮೇಲೆ ಅಪ್ಪನಿಗೆ ದೂರದೂರಿಗೆ ವರ್ಗ, ತಮ್ಮನ ಬಾಣಂತನ, ಅಜ್ಜಿಯ ಕಾಯಿಲೆ, ನಮ್ಮ ಓದು. ಬರುವ ವರ್ಷ, ಬರುವ ವರ್ಷ ಅಂತ 31 ವರ್ಷ ಹೋಯಿತು. ಅಮ್ಮ ಮರೆತಿರಲಿಲ್ಲ. ಪ್ರತಿ ಗೋಕುಲಾಷ್ಟಮಿಗೆ ಒಂದೊಂದು ರೂಪಾಯಿ ತೆಗೆದು ಅರಿಶಿನದ ಬಟ್ಟೆಯ ಮುಡಿಪಿಗೆ ಹಾಕಿ, ತಪ್ಪಾಯಿತು ಅಂತ ಕೈ ಮುಗಿಯುತ್ತಿದ್ದಳಂತೆ. ನಾನು ಆ ಗಂಟನ್ನು ದೇವರ ಗೂಡಿನಲ್ಲಿ ಎಷ್ಟೋ ಸಲ ನೋಡಿದ್ದೇನೆ. ಯಾವುದು ಅಂತ ಕೇಳಿರಲಿಲ್ಲ.

ಅಮ್ಮನ ಧ್ವನಿಯಲ್ಲಿ ಭಯವಿತ್ತು. ತಾನು ಬಾಕಿ ಉಳಿಸಿಕೊಂಡಿದ್ದಕ್ಕೆ ಮೊಮ್ಮಗು ಬಡವಾಗುತ್ತಿದೆ ಎಂಬ ಭಯ. ಒಂದು ಮಾತು ಹೇಳಲೇಬೇಕು: ದೇವರು ಹಾಗೆ ಬಡ್ಡಿ ವಸೂಲಿ ಮಾಡುತ್ತಾನೆ ಅಂತ ನಾನು ನಂಬುವುದಿಲ್ಲ. ಅದೂ ಕೈಯಲ್ಲಿ ಬೆಣ್ಣೆ ಹಿಡಿದು ಅಂಬೆಗಾಲಿಡುವ ಕೂಸು, ಯಾರದೋ ಹೊಟ್ಟೆಯ ಕೂಸಿನ ತೂಕ ಇಳಿಸುತ್ತದೆಯೇ? ಆದರೆ ಅಮ್ಮನಿಗೆ ಹೋಗಬೇಕಿತ್ತು. ಡಾಕ್ಟರನ್ನು ಕೇಳಿದೆವು. ನಿಧಾನವಾಗಿ ಹೋಗಿ ಬನ್ನಿ ಎಂದರು.

ಅಮ್ಮ ಮಾರನೇ ದಿನವೇ ಬಂದಳು. ಚೀಲದಲ್ಲಿ ಮುಡಿಪಿನ ಗಂಟು, ಜೊತೆಗೆ ತನ್ನ ಹಳೇ ನೂಲಿನ ಸೀರೆ ನಾಲ್ಕು. ತೊಳೆದು ತೊಳೆದು ಮೆತ್ತಗಾದ ಸೀರೆಗಳು. ಹರಿದು ಮಗುವಿಗೆ ಬಟ್ಟೆ ಮಾಡಬೇಕಂತೆ.

ಈ ಏಳು ತಿಂಗಳಲ್ಲಿ ಅಳತೆಯಿಲ್ಲದ ವಾರವೇ ಇಲ್ಲ. ಎಂಟನೇ ವಾರದ ಮೊದಲ ಸ್ಕ್ಯಾನ್‌ನಲ್ಲಿ ಮಗು 1.6 ಸೆಂಟಿಮೀಟರ್. ಒಂದು ಅವರೆಕಾಳಿನಷ್ಟು, ಅಷ್ಟರಲ್ಲೇ ಒಂದು ಹೃದಯ ಪಟಪಟ ಅನ್ನುತ್ತಿತ್ತು. ಆಮೇಲೆ ತಾಯಿ ಕಾರ್ಡಿನ ತುಂಬ ಅಂಕಿಗಳು. ತೂಕ, ರಕ್ತದೊತ್ತಡ, ಹಿಮೋಗ್ಲೋಬಿನ್, ಸಕ್ಕರೆ ನೀರು ಕುಡಿಸಿ ಮಾಡುವ ಪರೀಕ್ಷೆ. ಇದೆಲ್ಲ ಬೇಡ ಅಂತ ನಾನು ಹೇಳುತ್ತಿಲ್ಲ. ಎಷ್ಟೋ ತಾಯಂದಿರನ್ನು ಈ ಅಂಕಿಗಳೇ ಉಳಿಸಿವೆ.

ಆದರೆ ನನ್ನ ಸಂತೋಷಗಳು ಆ ಕಾರ್ಡಿನಲ್ಲಿ ಇಲ್ಲ. ಮೊದಲ ಮೂರು ತಿಂಗಳು ಸಾಸಿವೆ ಸಿಡಿಯುವ ಸದ್ದು ಕೇಳಿದರೆ ಸಾಕು, ಬಚ್ಚಲಿಗೆ ಓಡುತ್ತಿದ್ದೆ. ನಾಲ್ಕನೇ ತಿಂಗಳಲ್ಲಿ ಒಂದು ಬೆಳಗ್ಗೆ ಎದ್ದರೆ ಹಸಿವು! ನಾನೇ ಒಲೆ ಹಚ್ಚಿ ಇಂಗು, ಕರಿಬೇವಿನ ಒಗ್ಗರಣೆ ಹಾಕಿ, ಆ ಘಮ ಹೀರುತ್ತಾ ಸುಮ್ನೆ ನಿಂತಿದ್ದೆ. ಕಳೆದುಹೋಗಿದ್ದ ಮನೆ ಸಿಕ್ಕಿದ ಹಾಗಿತ್ತು. 19ನೇ ವಾರದಲ್ಲಿ ಒಂದು ರಾತ್ರಿ ಮೊದಲ ಮಿಸುಕಾಟ. ಹಾಲು ಉಕ್ಕುವ ಮುಂಚೆ ಪಾತ್ರೆಯ ಅಂಚಿನಲ್ಲಿ ಒಂದೇ ಒಂದು ಗುಳ್ಳೆ ಏಳುತ್ತದೆ ನೋಡಿ, ಹಾಗೆ. ಇವರು ಓಡಿ ಬಂದು ಕೈಯಿಟ್ಟರೆ ಏನೂ ಇಲ್ಲ. ಇವರ ಕೈಗೆ ಗೊತ್ತಾಗಲು ಇನ್ನೂ ಮೂರು ವಾರ ಬೇಕಾಯಿತು. ಈಗ ಮಗುವಿಗೆ ಬಿಕ್ಕಳಿಕೆ ಬರುತ್ತದೆ. ಒಂದೇ ಜಾಗದಲ್ಲಿ, ಒಂದೇ ತಾಳದಲ್ಲಿ ಟಕ್, ಟಕ್ ಅಂತ. ಆಗ ನಾನು ಮಾಡುತ್ತಿರುವ ಕೆಲಸ ಬಿಟ್ಟು ಅದು ನಿಲ್ಲುವವರೆಗೆ ಕೂತುಬಿಡುತ್ತೇನೆ. ನೀರು ಕುಡಿ ಮರಿ ಅಂತ ಹೇಳೋಕೂ ಆಗಲ್ಲ, ಅಲ್ವಾ? ನಾನೇ ಒಂದು ಗುಟುಕು ಕುಡಿಯುತ್ತೇನೆ.

ಆ 27 ಅನ್ನುವ ಅಂಕಿ ಬಂದ ದಿನದಿಂದ ಈ ಯಾವುದೂ ರುಚಿಸುತ್ತಿರಲಿಲ್ಲ. ಬಿಕ್ಕಳಿಕೆ ಬಂದರೂ ಇದನ್ನು ಒದೆತದಲ್ಲಿ ಸೇರಿಸಬೇಕೋ ಬೇಡವೋ ಅನ್ನುವುದೇ ಚಿಂತೆ.

ಭಾನುವಾರ ಬೆಳಗ್ಗೆ ಹೊರಟೆವು. ಬೆಂಗಳೂರಿನಿಂದ ಸುಮಾರು 60 ಕಿಲೋಮೀಟರ್. ಹೊಸ ಎಕ್ಸ್‌ಪ್ರೆಸ್‌ವೇ ಊರಿನ ಹೊರಗಿಂದ ಹೋಗುತ್ತದೆ. ನನಗೆ ಅಲ್ಲಲ್ಲಿ ನಿಲ್ಲಿಸಬೇಕಾದ್ದರಿಂದ ಹಳೇ ರಸ್ತೆಯಲ್ಲೇ ಹೋದೆವು. ಹಂಪ್ ಬಂದಾಗಲೆಲ್ಲ ಇವರು ಉಸಿರು ಬಿಗಿಹಿಡಿದು ಕಾರನ್ನು ಇಳಿಸುತ್ತಿದ್ದರು. ಚನ್ನಪಟ್ಟಣದಲ್ಲಿ ರಸ್ತೆಯುದ್ದಕ್ಕೂ ಹಾಲೆ ಮರದ ಬೊಂಬೆಗಳು, ಅರಗಿನ ಹೊಳಪಿನ ಗಿಲಕಿಗಳು. ನನ್ನ ಕಣ್ಣು ಅಲ್ಲೇ ನೆಟ್ಟಿದ್ದು ನೋಡಿ ಅಮ್ಮ, "ಹುಟ್ಟಿದ ಮೇಲೆ ಬಂದು ತಗೊಳ್ಳೋಣ" ಅಂದಳು. ಮಗು ಕೈಗೆ ಬರುವ ಮುಂಚೆ ಏನೂ ಕೊಳ್ಳಬಾರದು ಅನ್ನುವುದು ಅವಳ ನಿಯಮ.

ಮಳೂರಿನ ದೇವಸ್ಥಾನ ರಸ್ತೆಯ ಪಕ್ಕದಲ್ಲೇ, ಸಮತಟ್ಟು ನೆಲದ ಮೇಲಿದೆ. ಬಸುರಿ ಬೆಟ್ಟ ಹತ್ತಬಾರದು ಅನ್ನುತ್ತಾರಲ್ಲ, ಇಲ್ಲಿ ಆ ಚಿಂತೆಯಿಲ್ಲ. ಈ ಕೃಷ್ಣ ಬಸುರಿಯರಿಗೆ ಕಷ್ಟವಾಗದ ಹಾಗೆ ಕೆಳಗೇ ಇದ್ದಾನೆ ಅನಿಸಿತು.

ಮೊದಲು ತೊಟ್ಟಿಲು ಕೊಳ್ಳಬೇಕಿತ್ತು. ಹೊರಗೆ ಮಾರುತ್ತಾರೆ, ಅಂಗೈ ಮೇಲೆ ಕೂರುವಷ್ಟು ಪುಟ್ಟ ಮರದ ತೊಟ್ಟಿಲುಗಳು. ಅಮ್ಮ ಒಂದೊಂದನ್ನೇ ಎತ್ತಿ, ಬೆರಳಿನಿಂದ ಮೆಲ್ಲಗೆ ನೂಕಿ, ಎರಡೂ ಕಡೆಗೆ ಸಮವಾಗಿ ತೂಗುತ್ತದೆಯೇ ಅಂತ ನೋಡಿದಳು. ಒಂದು ಎಡಕ್ಕೆ ವಾಲುತ್ತಿತ್ತು, ಬೇಡ ಅಂದಳು. ಇನ್ನೊಂದು ಕಿರುಗುಟ್ಟಿತು, ಅದೂ ಬೇಡ. ನಾನು ನೋಡುತ್ತಾ ನಿಂತಿದ್ದೆ. ತಕ್ಕಡಿಯಲ್ಲಿ ತೂಗುವುದಕ್ಕೂ ತೊಟ್ಟಿಲು ತೂಗುವುದಕ್ಕೂ ನಮ್ಮಲ್ಲಿ ಒಂದೇ ಮಾತು. ವಾರವಿಡೀ ಗ್ರಾಂ ಲೆಕ್ಕದಲ್ಲಿ ಮುಳುಗಿದ್ದ ನನಗೆ ಅದು ಆವತ್ತು ಹೊಳೆಯಿತು. ಅಮ್ಮ ಹಳದಿ ತೊಟ್ಟಿಲೊಂದನ್ನು ಆರಿಸಿ ಸೆರಗಿನಲ್ಲಿ ಇಟ್ಟುಕೊಂಡಳು.

ಒಳಗೆ ಮೂಲದೇವರು ಅಪ್ರಮೇಯ ಸ್ವಾಮಿ. ವಿಷ್ಣು ಸಹಸ್ರನಾಮದಲ್ಲಿ 'ಅಪ್ರಮೇಯೋ ಹೃಷೀಕೇಶಃ' ಅಂತ ಬರುತ್ತದಲ್ಲ, ಅದೇ ಹೆಸರು. ಚಿಕ್ಕಂದಿನಿಂದ ಬಾಯಿಪಾಠ ಹೇಳಿದ್ದೇನೆ. ಅರ್ಥದ ಕಡೆ ಗಮನ ಹೋಗಿದ್ದು ಆ ದಿನವೇ. ಅಪ್ರಮೇಯ ಎಂದರೆ ಅಳತೆಗೆ ಸಿಗದವನು. ಫೈಲಿನ ತುಂಬ ಅಳತೆ ತುಂಬಿಕೊಂಡು ನಾನು ಬಂದು ನಿಂತಿದ್ದು ಅಳತೆಗೆ ಸಿಗದವನ ಬಾಗಿಲಿಗೆ. ಕಣ್ಣು ತುಂಬಿ ಬಂತು. ಮಂಗಳಾರತಿಯ ಬೆಳಕಿನಲ್ಲಿ ಅವನ ಮುಖ ಕಂಡಿದ್ದು ಅರೆಬರೆಯೇ.

ಪ್ರದಕ್ಷಿಣೆ ಬಂದರೆ ನವನೀತ ಕೃಷ್ಣನ ಗುಡಿ. ಕಪ್ಪು ಕಲ್ಲಿನ ಕೂಸು. ಒಂದು ಕೈ ನೆಲಕ್ಕೂರಿ, ಇನ್ನೊಂದರಲ್ಲಿ ಬೆಣ್ಣೆಯ ಮುದ್ದೆ. ಮಂಡಿಯೂರಿ ಇನ್ನೇನು ನಮ್ಮ ಕಡೆ ಬಂದೇಬಿಟ್ಟ ಅನ್ನುವ ಹಾಗೆ. ಎತ್ತಿಕೊಳ್ಳೋಣ ಅಂತ ಕೈ ತಾನಾಗಿ ಮುಂದೆ ಹೋಗುತ್ತದೆ. ಪುರಂದರದಾಸರು 'ಜಗದೋದ್ಧಾರನ' ಹಾಡಿದ್ದು ಇಲ್ಲೇ, ಈ ಕೂಸನ್ನು ನೋಡಿಯೇ ಅನ್ನುವುದು ನಂಬಿಕೆ. ಆ ಹಾಡಿನಲ್ಲಿ ಯಶೋದೆ ಆಡಿಸಿದ್ದು ಯಾರನ್ನು? ಅಣುವಿಗಿಂತ ಅಣುವಾದವನನ್ನು, ದೊಡ್ಡದಕ್ಕಿಂತ ದೊಡ್ಡವನನ್ನು, ಕೊನೆಗೆ 'ಅಪ್ರಮೇಯನ' ಅನ್ನುವ ಮಾತೂ ಬರುತ್ತದೆ. ಮುಂದಿನ ಗರ್ಭಗುಡಿಯ ದೇವರ ಹೆಸರು ಹಿಂದಿನ ಗುಡಿಯ ಕೂಸಿನ ಹಾಡಿನಲ್ಲಿದೆ! ಅಮ್ಮ ಈ ಹಾಡು ಹೇಳಿಯೇ ನನ್ನನ್ನು ಮಲಗಿಸುತ್ತಿದ್ದುದು. ನನಗೆ ಇಷ್ಟು ವರ್ಷ ಅದು ಬರೀ ಜೋಗುಳವಾಗಿತ್ತು.

ಅಲ್ಲಿ ಕೈಮುಗಿದು ನಿಂತಾಗ ನೆನಪಾಗಿದ್ದು ಭಾಗವತದ ಹಗ್ಗದ ಕಥೆ. ಬೆಣ್ಣೆ ಕದ್ದ ಮಗನನ್ನು ಯಶೋದೆ ಒರಳಿಗೆ ಕಟ್ಟಲು ಹೋಗುತ್ತಾಳೆ. ಪುಟ್ಟ ಹೊಟ್ಟೆ, ಉದ್ದ ಹಗ್ಗ. ಆದರೂ ಎರಡು ಅಂಗುಲ ಸಾಲುವುದಿಲ್ಲ. ಇನ್ನೊಂದು ಹಗ್ಗ ಸೇರಿಸುತ್ತಾಳೆ. ಮತ್ತೆ ಎರಡು ಅಂಗುಲ ಕಡಿಮೆ. ಮನೆಯ ಹಗ್ಗವೆಲ್ಲ ಮುಗಿದರೂ ಅದೇ ಎರಡು ಅಂಗುಲ. ಅವಳಿಗೆ ಬೆವರಿಳಿಯುತ್ತದೆ, ತುರುಬಿನ ಹೂ ಉದುರುತ್ತದೆ. ಅಮ್ಮ ದಣಿದಿದ್ದು ನೋಡಲಾರದೆ ಕೂಸು ತಾನೇ ಕಟ್ಟಿಸಿಕೊಳ್ಳುತ್ತದೆ. ಅದಕ್ಕೇ ದಾಮೋದರ ಎಂಬ ಹೆಸರು, ಹೊಟ್ಟೆಗೆ ಹಗ್ಗ ಸುತ್ತಿಸಿಕೊಂಡವನು.

ನನ್ನ ಹೊಟ್ಟೆಯ ಮೇಲೆ ಓಡಾಡಿದ ಟೇಪ್ ಕಣ್ಣ ಮುಂದೆ ಬಂತು. ನಾನು ಏನೂ ಬೇಡಲಿಲ್ಲ. ತೂಕ ಹೆಚ್ಚಿಸು ಅಂತ ಕೇಳಬೇಕು ಎಂದುಕೊಂಡೇ ಬಂದಿದ್ದೆ, ಬಾಯಿಗೆ ಬರಲೇ ಇಲ್ಲ. "ನಾನೂ ದಣಿದಿದ್ದೀನಿ ಕಂದ" ಎಂದೆ. ಎದುರಿಗಿದ್ದ ಕೂಸಿಗೆ ಹೇಳಿದೆನೋ ಒಳಗಿದ್ದದ್ದಕ್ಕೋ, ನನಗೇ ಗೊತ್ತಿಲ್ಲ.

ಅರ್ಚಕರು ತೊಟ್ಟಿಲು ತೆಗೆದುಕೊಂಡು, "ಮಗುವಿನ ಹೆಸರು, ನಕ್ಷತ್ರ ಹೇಳಿ" ಎಂದರು. ಅಮ್ಮ ನನ್ನ ಹೆಸರು ಹೇಳಿದಳು. ಸ್ವಾತಿ ನಕ್ಷತ್ರ ಅಂದಳು. ಅವರು ನನ್ನ ಹೊಟ್ಟೆ ನೋಡಿದರು, ನನ್ನ ಮುಖ ನೋಡಿದರು. "ಇವಳೇ ಮಗು. ಇವಳಿಗೇ ಹೊತ್ತಿದ್ದು. ತಡವಾಯಿತು" ಎಂದಳು ಅಮ್ಮ. ಅವರು ತಲೆಯಾಡಿಸಿ, ಎಳೆಗೂಸಿಗೆ ಹೇಳುವಂತೆಯೇ ನನ್ನ ಹೆಸರು ಹಿಡಿದು ಸಂಕಲ್ಪ ಮಾಡಿದರು. ಏಳು ತಿಂಗಳಿಂದ ಎಲ್ಲರೂ ನನ್ನನ್ನು ತಾಯಿ ಅಂತಲೇ ಕರೆದಿದ್ದರು. ಆ ಎರಡು ನಿಮಿಷ ನಾನು ಮತ್ತೆ ಮಗುವಾದೆ. ಅಮ್ಮ ಮುಡಿಪಿನ ಗಂಟು ಬಿಚ್ಚಿ ಹುಂಡಿಗೆ ಸುರಿದಳು. ಹಳೇ ಕಾಲದ ದೊಡ್ಡ ನಾಣ್ಯ, ಈಗಿನ ಸಣ್ಣ ನಾಣ್ಯ ಎಲ್ಲ ಸೇರಿ ಒಟ್ಟಿಗೆ ಸದ್ದು ಮಾಡಿದವು. ಎಷ್ಟಿದ್ದವು ಅಂತ ಎಣಿಸಲಿಲ್ಲ.

ಭಕ್ತರು ಒಪ್ಪಿಸಿದ ಅಷ್ಟೊಂದು ತೊಟ್ಟಿಲುಗಳ ಜೊತೆ ನಮ್ಮ ಹಳದಿ ತೊಟ್ಟಿಲೂ ಸೇರಿತು. ಅಮ್ಮ ಬೆರಳಿನಿಂದ ಒಂದು ಸಲ ನೂಕಿದಳು. ಅದು ತೂಗುವುದು ನಿಲ್ಲುವವರೆಗೂ ನೋಡುತ್ತಾ ನಿಂತೆವು.

ಹೊರಗೆ ಜಗಲಿಯ ಮೇಲೆ ಕೂತು ಬೆಣ್ಣೆ ಸಕ್ಕರೆಯ ಪ್ರಸಾದ ತಿಂದೆ. ಅಂಗೈ ಬಿಸಿಗೆ ಬೆಣ್ಣೆ ಕರಗಿ ಮಣಿಕಟ್ಟಿಗೆ ಇಳಿಯುತ್ತಿತ್ತು, ಬೇಗ ಬೇಗ ನೆಕ್ಕಿದೆ. ಅಷ್ಟರಲ್ಲಿ ಬಲಗಡೆ ಪಕ್ಕೆಯ ಕೆಳಗೆ ಒಂದು ದೊಡ್ಡ ಹೊರಳಾಟ. ಅಮ್ಮನ ಕೈ ಹಿಡಿದು ಅಲ್ಲಿಟ್ಟೆ. ಎಣಿಸುವ ಪುಸ್ತಕ ಕಾರಿನಲ್ಲೇ ಇತ್ತು. ಸಂಜೆ ಮನೆಗೆ ಬಂದು ಎಡಮಗ್ಗುಲಿಗೆ ಮಲಗಿ ಎಣಿಸಿದೆ. ಒಂದು ಗಂಟೆಯೊಳಗೇ ಹತ್ತು ದಾಟಿತು. ಬರೆದಿಟ್ಟೆ.

ಗುರುವಾರ ಮತ್ತೆ ಸ್ಕ್ಯಾನ್ ಇದೆ. ಫೈಲು, ತಾಯಿ ಕಾರ್ಡು, ನೀರಿನ ಬಾಟಲಿ ಎಲ್ಲ ಚೀಲಕ್ಕೆ ಹಾಕಿಟ್ಟಿದ್ದೇನೆ. ಅಮ್ಮ ಊರಿಗೆ ಹೋಗದೆ ಇಲ್ಲೇ ಉಳಿದಿದ್ದಾಳೆ. ರಾತ್ರಿ ಊಟವಾದ ಮೇಲೆ ನನ್ನ ಪಕ್ಕದಲ್ಲಿ ಕೂತು ಸೀರೆ ಹರಿಯುತ್ತಾಳೆ. ಹಲ್ಲಿನಿಂದ ಅಂಚು ಕಚ್ಚಿ, ಸರ್ರೆಂದು ಉದ್ದಕ್ಕೆ ಎಳೆಯುತ್ತಾಳೆ. ಹರಿಯುತ್ತಾ ಹಾಡುತ್ತಾಳೆ. ಅರ್ಧಕ್ಕೆ ಬಂದಾಗ ಸಾಲು ಮರೆಯುತ್ತದೆ. ಮತ್ತೆ ಪಲ್ಲವಿಯಿಂದ ಶುರು ಮಾಡುತ್ತಾಳೆ.