ಲೂಸ್, ಲಾಸ್, ಡಿಫೀಟ್: ಎಲ್ಲವೂ ಸೋಲು ತಾನೆ?

ದಾವಣಗೆರೆಯಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು ಪದೇ ಪದೇ ಕೇಳುವ ಪ್ರಶ್ನೆ ಇದು: ‘ಮೂರಕ್ಕೂ ಅರ್ಥ ಸೋಲು ತಾನೆ? ಯಾವುದನ್ನು ಬರೆದರೇನು?’ ಡಿಕ್ಷನರಿ ನೋಡಿದರೆ ಹಾಗನ್ನಿಸುವುದು ಸಹಜ. ಆದರೆ ವಾಕ್ಯ ಕಟ್ಟುವಾಗ ಮೊದಲು ಕರ್ತೃ ಯಾರು ನೋಡಿ.

ಡಿಫೀಟ್ ಕ್ರಿಯಾಪದವಾದರೆ ಅದು ಗೆದ್ದವರ ಕೆಲಸ, ಅರ್ಥ ‘ಸೋಲಿಸು’. ಕಬಡ್ಡಿ ಫೈನಲ್‌ನಲ್ಲಿ ‘ಹರಿಹರ ಡಿಫೀಟೆಡ್ ಜಗಳೂರು’ ಅಂದರೆ ಕಪ್ ಹರಿಹರಕ್ಕೆ. ಜಗಳೂರಿನಿಂದ ಶುರು ಮಾಡಿದರೆ ‘ಜಗಳೂರು ವಾಸ್ ಡಿಫೀಟೆಡ್ ಬೈ ಹರಿಹರ’. ಆ ‘ವಾಸ್’ ಬಿಟ್ಟುಹೋದರೆ ಗೆದ್ದವರು ಯಾರೆಂಬುದೇ ಗೊಂದಲ. ಲೂಸ್ ಸೋತವರ ಕ್ರಿಯಾಪದ. ಭೂತಕಾಲ ಲಾಸ್ಟ್, ‘ಲೂಸ್ಡ್’ ಅಲ್ಲ. ಯಾರಿಗೆ ಸೋತರು ಅನ್ನಲು ‘ಟು’, ಎಷ್ಟರಿಂದ ಅನ್ನಲು ‘ಬೈ’. 2023ರ ವಿಶ್ವಕಪ್ ಫೈನಲ್: ‘ಇಂಡಿಯಾ ಲಾಸ್ಟ್ ಟು ಆಸ್ಟ್ರೇಲಿಯಾ ಬೈ 6 ವಿಕೆಟ್ಸ್’. ‘ಆಸ್ಟ್ರೇಲಿಯಾಕ್ಕೆ ಸೋತಿತು’ ಅನ್ನುತ್ತೇವಲ್ಲ, ಆ ‘ಕ್ಕೆ’ಯೇ ಇಲ್ಲಿ ‘ಟು’.

ನಮ್ಮವರು ಹೆಚ್ಚು ಎಡವುವುದು ಗೆದ್ದಾಗಲೇ! ‘ಅವರನ್ನು ಗೆದ್ದೆವು’ ಕನ್ನಡಕ್ಕೆ ಒಪ್ಪುತ್ತದೆ. ‘ವಿ ವನ್ ದೆಮ್’ ಆ ಅರ್ಥಕ್ಕೆ ಇಂಗ್ಲಿಷಿನಲ್ಲಿ ಸಲ್ಲದು. ವಿನ್ ಜೊತೆ ಮ್ಯಾಚು, ಕಪ್ಪು, ಚುನಾವಣೆ ಬರುತ್ತವೆ. ಎದುರಾಳಿಯ ಜೊತೆ ಬೀಟ್: ‘ವಿ ಬೀಟ್ ದೆಮ್’. ಇದರ ಭೂತಕಾಲವೂ ಬೀಟ್.

ಲೂಸ್‌ಗೆ ‘ಕಳೆದುಕೊಳ್ಳು’ ಅಂತಲೂ ಅರ್ಥ. ‘ನನ್ನ ಫೋನ್ ಕಳೆದುಹೋಯ್ತು’ ಎಂಬುದನ್ನು ‘ಮೈ ಫೋನ್ ಲಾಸ್ಟ್’ ಅಂತ ಬರೆದರೆ ಫೋನೇ ಏನನ್ನೋ ಸೋತಂತಾಗುತ್ತದೆ. ಠಾಣೆಗೆ ಕೊಡುವ ಅರ್ಜಿಯಲ್ಲಿ ‘ಐ ಲಾಸ್ಟ್ ಮೈ ಫೋನ್’ ಅಂತ ನಿಮ್ಮಿಂದಲೇ ಶುರು ಮಾಡಿ. ಬಸ್ ತಪ್ಪಿದರೆ ಮಾತ್ರ ಮಿಸ್.

ಲಾಸ್ ನಾಮಪದ. ಎಪಿಎಂಸಿಯಲ್ಲಿ ‘ಮೆಕ್ಕೆಜೋಳ ಲಾಸಿಗೆ ಮಾರಿದ್ವಿ’ ಅನ್ನುವುದು ಇಂಗ್ಲಿಷಿನಲ್ಲಿ ‘ಅಟ್ ಎ ಲಾಸ್’. ‘ಫಾರ್ ಲಾಸ್’ ಅಲ್ಲ. ಆದರೆ ಒಬ್ಬರು ‘ಐ ಆಮ್ ಅಟ್ ಎ ಲಾಸ್’ ಅಂದರೆ ದುಡ್ಡಿನ ಮಾತಲ್ಲ, ಏನು ಮಾಡಬೇಕೋ ತೋಚುತ್ತಿಲ್ಲ ಅಂತ. ಸಾವಾದ ಮನೆಯವರಿಗೆ ‘ಸಾರಿ ಫಾರ್ ಯುವರ್ ಲಾಸ್’ ಅನ್ನುವಾಗ ಅದು ಅಗಲಿಕೆ.

ಇನ್ನು ಸ್ಪೆಲಿಂಗ್. ‘ನಟ್ಟು ಲೂಸ್ ಆಗೇತಿ’ ಅಂತೀವಲ್ಲ, ಆ ಸಡಿಲದ ಲೂಸ್‌ಗೆ ಎರಡು ಓ. ಸೋಲುವ ಲೂಸ್‌ಗೆ ಒಂದೇ ಓ. ಕನ್ನಡದಲ್ಲಿ ಎರಡನ್ನೂ ಒಂದೇ ಥರ ಬರೆಯುತ್ತೇವೆ, ಉಚ್ಚಾರ ಬೇರೆ. ಗಂಟಲ ಮೇಲೆ ಬೆರಳಿಟ್ಟು ಹೇಳಿ ನೋಡಿ: ಸೋಲುವ ಪದದ ಕೊನೆಯ ಸದ್ದಿಗೆ ಗಂಟಲು ಕಂಪಿಸಬೇಕು, ದುಂಬಿ ಗುಂಯ್‌ಗುಟ್ಟಿದಂತೆ. ಸಡಿಲದ ಪದದ ಕೊನೆಯಲ್ಲಿ ಬರೀ ‘ಸ್’, ಕಂಪನವಿಲ್ಲ. ‘ಡೋಂಟ್ ಲೂಸ್ ಹೋಪ್’ ಅಂತ ಗೆಳೆಯರಿಗೆ ಮೆಸೇಜ್ ಕಳಿಸುವಾಗ ಒಂದೇ ಓ ಹಾಕಿ.