ವೇಬ್ರಿಡ್ಜಿನಲ್ಲಿ ಸಾಕೆಟ್‌ಪೇರ್

ದಾವಣಗೆರೆಯ ಎಪಿಎಂಸಿ ಯಾರ್ಡ್ ಹತ್ತಿರ ಮೆಕ್ಕೆಜೋಳದ ಸುಗ್ಗಿಯಲ್ಲಿ ಲಾರಿ, ಟ್ರ್ಯಾಕ್ಟರುಗಳ ಸಾಲು ಕರಗುವುದೇ ಇಲ್ಲ. ಅಲ್ಲೊಂದು ವೇಬ್ರಿಡ್ಜಿನಲ್ಲಿ ತೂಕದ ಚೀಟಿ ತಪ್ಪು ಬರುತ್ತಿದೆ ಅಂತ ನನ್ನನ್ನು ಕರೆಸಿದ್ದರು. 24560 ಕಿಲೋ ತೂಗಿದ ಲಾರಿಗೆ ಚೀಟಿಯಲ್ಲಿ 245 ಅಂತ ಬಿದ್ದಿತ್ತು. ದಿನಾ ಹಾಗಾಗುವುದಿಲ್ಲ, ಯಾವಾಗಲೋ ಒಮ್ಮೆ. ಇಂಥ ತಪ್ಪನ್ನು ಹಿಡಿಯುವುದೇ ಕಷ್ಟ. ರೈತ, ದಲಾಲಿ ಅಂಗಡಿಯವರು, ಲಾರಿಯವರು ಎಲ್ಲರೂ ಅದೇ ಚೀಟಿ ನಂಬಿ ಲೆಕ್ಕ ಮಾಡುತ್ತಾರೆ.

ಹಳೇ ಪ್ರೋಗ್ರಾಂ ಪೈಥಾನ್ ಭಾಷೆಯದು. ಅದರಲ್ಲಿ ಎರಡು ಪ್ರೊಸೆಸ್, ಅಂದರೆ ಒಂದೇ ಹೊತ್ತಿಗೆ ಬೇರೆ ಬೇರೆ ಓಡುವ ಎರಡು ಕೆಲಸ. ಒಂದು ಸೀರಿಯಲ್ ಕೇಬಲ್ಲಿನಿಂದ ತೂಕದ ಅಂಕಿ ಓದುತ್ತದೆ, ಇನ್ನೊಂದು ಪರದೆ ಮತ್ತು ಚೀಟಿ ನೋಡಿಕೊಳ್ಳುತ್ತದೆ. ಬೇರೆ ಬೇರೆ ಮಾಡಿದ್ದು ಸರಿಯೇ. ಪ್ರಿಂಟರ್ ಸಿಕ್ಕಿಹಾಕಿಕೊಂಡರೂ ತೂಕ ಓದುವುದು ನಿಲ್ಲಬಾರದು. ಆದರೆ ಇಬ್ಬರ ನಡುವಿನ ಮಾತೆಲ್ಲ ಡಿಸ್ಕಿನಲ್ಲಿದ್ದ ಒಂದು ಫೈಲಿನ ಮೂಲಕ. ಕೇಬಲ್ಲಿನಿಂದ ಬಂದಷ್ಟನ್ನು ಬಂದ ಹಾಗೇ ಫೈಲಿಗೆ ಬರೆಯುತ್ತಿತ್ತು. ಆ ಹೊತ್ತಿಗೆ ಚೀಟಿಯವನು ಓದಿದರೆ ಅರ್ಧ ಅಂಕಿ ಸಿಗುತ್ತಿತ್ತು.

ನನಗೆ ಅದಕ್ಕಿಂತ ಹೆಚ್ಚು ಭಯವಾದದ್ದು ಬೇರೆ. ಓದುವ ಪ್ರೊಸೆಸ್ ಸತ್ತುಹೋದರೂ ಫೈಲಿನಲ್ಲಿ ಹಳೇ ತೂಕ ಹಾಗೇ ಕೂತಿರುತ್ತದೆ. ಮುಂದಿನ ಗಾಡಿಗೆ ಹಿಂದಿನ ಗಾಡಿಯ ತೂಕ ಬೀಳಬಹುದು, ಯಾರಿಗೂ ಗೊತ್ತೇ ಆಗುವುದಿಲ್ಲ.

ಹಾಗಾಗಿ ಫೈಲ್ ತೆಗೆದು ಸಾಕೆಟ್‌ಪೇರ್ ಹಾಕಲು ಕೂತೆ. 1983ರಲ್ಲಿ ಬಂದ 4.2 ಬಿಎಸ್‌ಡಿ ಯುನಿಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಮ್ಮಿನ ಕಾಲದಿಂದ ಇರುವ ಕರೆ ಇದು, ಅಂದರೆ ಪ್ರೋಗ್ರಾಂ ಸಿಸ್ಟಮ್ಮಿಗೆ ಕೊಡುವ ಒಂದು ಆಜ್ಞೆ. ಪರ್ಲ್ ಭಾಷೆಯಲ್ಲೂ ಇದೆ, ಪೈಥಾನಿನಲ್ಲೂ ಇದೆ. ಒಂದೇ ಸಾಲು ಬರೆದರೆ ಒಂದಕ್ಕೊಂದು ಮೊದಲೇ ಜೋಡಿಸಿದ ಎರಡು ಸಾಕೆಟ್, ಅಂದರೆ ಮಾತಾಡುವ ಎರಡು ತುದಿ, ಕೈಗೆ ಬರುತ್ತವೆ. ವಿಳಾಸ ಬೇಡ, ಪೋರ್ಟ್ ನಂಬರ್ ಬೇಡ, ಹೊರಗಿನವರು ಯಾರೂ ಬಂದು ಕನೆಕ್ಟ್ ಆಗುವ ಹಾಗಿಲ್ಲ. ಆಮೇಲೆ ಫೋರ್ಕ್ ಮಾಡಿ, ಅಂದರೆ ಒಂದು ಪ್ರೊಸೆಸ್‌ನಿಂದ ಇನ್ನೊಂದನ್ನು ಹುಟ್ಟಿಸಿ, ಒಂದು ತುದಿ ಪೇರೆಂಟ್‌ಗೆ (ಪರದೆ, ಚೀಟಿ ನೋಡಿಕೊಳ್ಳುವ ಮೂಲ ಪ್ರೊಸೆಸ್), ಇನ್ನೊಂದು ಚೈಲ್ಡ್‌ಗೆ (ಅದರಿಂದ ಹುಟ್ಟಿದ, ತೂಕ ಓದುವ ಪ್ರೊಸೆಸ್). ಪ್ರೊಸೆಸ್‌ಗಳನ್ನು ಜೋಡಿಸುವ ಇನ್ನೊಂದು ದಾರಿಯಾದ ಪೈಪ್ ಆದರೆ ಒಂದೇ ದಿಕ್ಕು. ಇಲ್ಲಿ ತೂಕ ಈ ಕಡೆ ಬರಬೇಕು, 'ಝೀರೋ ಮಾಡು' ಅನ್ನುವ ಆದೇಶ ಆ ಕಡೆ ಹೋಗಬೇಕು. ಅದಕ್ಕೆ ಎರಡು ಪೈಪ್, ನಾಲ್ಕು ತುದಿ ಇಟ್ಟುಕೊಂಡು ಒದ್ದಾಡುವ ಬದಲು ಇದೇ ಚೆಂದ.

ಅಲ್ಲಿ ತೂಕ ಹಾಕುವ ಹುಡುಗ ಬಿಸಿಎ ಓದುತ್ತಿದ್ದ. ಮಂಡಕ್ಕಿ, ಮಿರ್ಚಿ ತಂದು ಪಕ್ಕದಲ್ಲೇ ಕೂತ. ಫೋರ್ಕ್ ಆದಮೇಲೆ ಪೇರೆಂಟ್ ಒಂದು ತುದಿಯನ್ನು ಕ್ಲೋಸ್ ಮಾಡುವ ಸಾಲು ನೋಡಿ, "ಇದ್ಯಾಕ್ರಿ ಅಣ್ಣ? ಈಗಿನ್ನೂ ಮಾಡಿದ್ದು, ಈಗ್ಲೇ ಮುಚ್ತೀರಲ್ಲ?" ಅಂದ.

ಬಾಯಲ್ಲಿ ಹೇಳುವುದಕ್ಕಿಂತ ತೋರಿಸುವುದೇ ಮೇಲು ಅನ್ನಿಸಿತು. ಆ ಸಾಲನ್ನು ತೆಗೆದು ಪ್ರೋಗ್ರಾಂ ಓಡಿಸಿದೆ. ಇನ್ನೊಂದು ಟರ್ಮಿನಲ್ಲಿನಲ್ಲಿ ಕಿಲ್ ಕೊಟ್ಟು ಚೈಲ್ಡನ್ನು ಕೊಲ್ಲಲು ಅವನಿಗೇ ಹೇಳಿದೆ. ಕೊಂದ. ಪರದೆಯಲ್ಲಿ ಏನೂ ಆಗಲಿಲ್ಲ. ಪೇರೆಂಟ್ ಸುಮ್ನೆ ಕಾಯುತ್ತಾ ಕೂತಿತ್ತು. ಫೋರ್ಕ್ ಆದಾಗ ಎರಡೂ ತುದಿಯ ಪ್ರತಿ ಇಬ್ಬರ ಹತ್ತಿರವೂ ಇರುತ್ತದೆ. ಚೈಲ್ಡ್ ಸತ್ತರೂ ಅದರ ತುದಿ ಪೇರೆಂಟ್ ಕೈಯಲ್ಲೇ ತೆರೆದಿದೆ. ಇನ್ನೂ ಯಾರೋ ಬರೆಯಬಹುದು ಅಂತ ಕರ್ನಲ್, ಅಂದರೆ ಆಪರೇಟಿಂಗ್ ಸಿಸ್ಟಮ್ಮಿನ ತಿರುಳು, ಅಂದುಕೊಳ್ಳುತ್ತದೆ. ಸಾಲನ್ನು ವಾಪಸ್ ಹಾಕಿ ಮತ್ತೆ ಓಡಿಸಿದೆ. ಈ ಸಲ ಕೊಂದ ಕೂಡಲೇ ಖಾಲಿ ಬೈಟ್ ಬಂತು (ಇನ್ನು ಆ ಕಡೆಯಿಂದ ಏನೂ ಬರುವುದಿಲ್ಲ ಅನ್ನುವ ಗುರುತು ಅದು), ಪರದೆ ಕೆಂಪಾಯಿತು, ಚೀಟಿ ಬಟನ್ ನಿಂತುಹೋಯಿತು. "ಈಗ ಗೊತ್ತಾತ್ರಿ" ಅಂದ.

ಸಾಕೆಟ್‌ಪೇರ್ ನನಗೆ ಇಷ್ಟವಾಗುವುದು ಇದಕ್ಕೇ. ಮಾತು ನಿಂತಿದ್ದು ಆ ಕಡೆಯವನಿಗೆ ತಿಳಿಯುತ್ತದೆ. ತೂಕದಂಥ ಕೆಲಸದಲ್ಲಿ ತಪ್ಪು ಅಂಕಿಗಿಂತ 'ಅಂಕಿ ಇಲ್ಲ' ಅನ್ನುವುದು ಎಷ್ಟೋ ವಾಸಿ, ಅಲ್ವಾ?

ಆದರೆ 245ರ ಕಾಟ ಅಷ್ಟಕ್ಕೇ ಹೋಗುವುದಿಲ್ಲ. ನಾನು ಬಳಸಿದ ಸ್ಟ್ರೀಮ್ ಬಗೆಯ ಸಾಕೆಟ್ಟಿಗೆ ಒಂದು ಅಂಕಿ ಎಲ್ಲಿ ಮುಗಿಯಿತು ಅನ್ನುವುದು ಗೊತ್ತಿಲ್ಲ, ಅದಕ್ಕೆ ಎಲ್ಲಾ ಬರೀ ಬೈಟುಗಳ ಹರಿವು. 245 ಒಮ್ಮೆ, 60 ಇನ್ನೊಮ್ಮೆ ಬರಬಹುದು. ಅದಕ್ಕೆ ಪ್ರತಿ ತೂಕದ ಕೊನೆಗೂ ನ್ಯೂಲೈನ್ (ಸಾಲು ಮುಗಿಯಿತು ಅನ್ನುವ ಗುರುತು) ಕಳಿಸಿ, ಅದು ಸಿಗುವ ತನಕ ಕೂಡಿಸಿಕೊಂಡು ಓದುವಂತೆ ಬರೆದೆ. ಒಂದೊಂದೇ ಸಾಲು ಓದಿಕೊಡುವ ರೀಡ್‌ಲೈನ್ ಬಳಸುವವರು ಇಲ್ಲಿ ಎಚ್ಚರವಾಗಿರಬೇಕು. ಅಂಕಿ ಕಳಿಸುವ ಮಧ್ಯದಲ್ಲೇ ಚೈಲ್ಡ್ ಸತ್ತರೆ ಅದು ಉಳಿದ ಅರ್ಧವನ್ನೇ ಕೊಟ್ಟುಬಿಡುತ್ತದೆ. ನ್ಯೂಲೈನ್ ಇಲ್ಲದ ಸಾಲನ್ನು ಎಸೆಯಲೇಬೇಕು. ಎಸೆಯುವಂತೆ ಮಾಡಿದೆ.

ಸಂಜೆ ಸಾಹುಕಾರರು ಬಂದು, ಹಿಂದಿನ ಆಫೀಸಿನ ಕಂಪ್ಯೂಟರಿನಲ್ಲೂ ತೂಕ ಕಾಣಬೇಕು ಅಂದರು. ಅದು ಬೇರೆ ಮಷೀನು, ಫೋರ್ಕ್‌ನಿಂದ ಹುಟ್ಟಿದ ಸಂಬಂಧ ಅಲ್ಲಿಗೆ ತಲುಪುವುದಿಲ್ಲ. ಅದಕ್ಕೆ ನೆಟ್‌ವರ್ಕಿನಲ್ಲಿ ಮಾತಾಡುವ ಟಿಸಿಪಿ, ಪೋರ್ಟ್, ಪಾಸ್‌ವರ್ಡ್ ಎಲ್ಲಾ ಬೇಕು. ಮುಂದಿನ ವಾರ ಬರುತ್ತೇನೆ ಅಂದೆ. ಹುಡುಗ ತಾನೂ ಒಂದು ಕೈ ನೋಡುತ್ತೇನೆ ಅಂದಿದ್ದಾನೆ.